ಮಾಳಮಡ್ಡಿಯ ಬೈಠಕ್ಕಿಗೆ ಎಂಥ ಬೇಸ್ ಆಂಪ್ ಬೇಕು

ಐದಿಂಚಿನ ಎರಡು ಸ್ಪೀಕರ್, ನೂರು ವ್ಯಾಟ್, ಸ್ಕೂಟಿಯ ಮೇಲೆ ಕಾಲ ನಡುವೆ ಕೂರುವಷ್ಟೇ ಅಗಲ. ತಿಂಗಳುಗಟ್ಟಲೆ ಕೇಳಿ, ಹೊತ್ತು, ಜೋಡಿಸಿ ನೋಡಿದ ಮೇಲೆ ನಾನು ಆರಿಸಿಕೊಂಡ ಬೇಸ್ ಆಂಪ್, ಅಂದರೆ ಬೇಸ್ ಗಿಟಾರಿನ ಧ್ವನಿ ಏರಿಸುವ ಸ್ಪೀಕರ್ ಪೆಟ್ಟಿಗೆ, ಇದು: ಫಿಲ್ ಜೋನ್ಸ್ ಕಂಪನಿಯ ಬೇಸ್ ಕಬ್. ಹುಬ್ಬಳ್ಳಿ-ಧಾರವಾಡದಲ್ಲಿ ಬೇಸ್ ಗಿಟಾರ್ ಹಿಡಿದ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಆಂಪ್ ಯಾವುದು ತಗೊಳ್ಳಲಿ ಎಂದು ಕೇಳುತ್ತಾರೆ. ಫೋನಿನಲ್ಲಿ ಒಬ್ಬೊಬ್ಬರಿಗೆ ತುಣುಕು ತುಣುಕಾಗಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಬೆಂಗಳೂರಿನ ಪಬ್ಬಿಗೆ ಹೊಂದುವ ಆಂಪ್ ನಮ್ಮ ಊರಿನ ಪಡಸಾಲೆಗೆ ಹೊಂದುವುದಿಲ್ಲ, ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ನಾನು ಧಾರವಾಡದ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನುಡಿಸುವುದು ಫ್ರೆಟ್‌ಲೆಸ್ ಬೇಸ್, ಅಂದರೆ ಕೊರಳಿನ ಮೇಲೆ ಮೆಟ್ಟುಗಳೇ ಇಲ್ಲದ್ದು. ಸ್ವರದ ಜಾಗವನ್ನು ಬೆರಳು ತಾನೇ ಹುಡುಕಿಕೊಳ್ಳಬೇಕು. ನಮ್ಮ ಜಾಝ್ ತಂಡದಲ್ಲಿ ನಾಲ್ವರು. ಸ್ಯಾಕ್ಸೋಫೋನ್ ನುಡಿಸುವ ಅಂಕಲ್ ಕೇಶ್ವಾಪುರದವರು, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಕೀಬೋರ್ಡಿಗೆ ನನ್ನ ಸಹೋದ್ಯೋಗಿ. ಡ್ರಮ್ಸ್ ಹುಡುಗ ಇನ್ನೂ ಇಂಜಿನಿಯರಿಂಗ್ ಓದುತ್ತಿದ್ದಾನೆ. ನಾವು ನುಡಿಸುವ ಜಾಗಗಳು ಸಣ್ಣವು: ವಿದ್ಯಾನಗರದ ಕೆಫೆ, ಕೇಶ್ವಾಪುರದ ಚರ್ಚ್ ಹಾಲ್, ಧಾರವಾಡದ ಮಾಳಮಡ್ಡಿಯ ಹಳೆಯ ಮನೆಗಳ ಪಡಸಾಲೆ, ಆಗೊಮ್ಮೆ ಈಗೊಮ್ಮೆ ಗೋಕುಲ ರಸ್ತೆಯ ಹೋಟೆಲ್ ಲಾನಿನಲ್ಲಿ ಮದುವೆಯ ರಿಸೆಪ್ಷನ್. ಮೂವತ್ತು ನಲವತ್ತು ಜನ ಕೂತರೆ ನಮಗೆ ಹೌಸ್‌ಫುಲ್.

ಹಾಗಾದರೆ ಆಂಪ್ ಸಣ್ಣದಿದ್ದರೆ ಸಾಕಲ್ಲ ಎನಿಸಬಹುದು. ಸಾಕು, ನಿಜ. ಆದರೆ ಜಾಗ ಚಿಕ್ಕದಾದಷ್ಟೂ ಬೇಸ್ ಕೆಡುವುದು ಸುಲಭ. ನಮ್ಮ ಕಡೆಯ ಕೇಳುಗರ ಕಿವಿಯೂ ಸಾಮಾನ್ಯದ್ದಲ್ಲ.

ಮಾಳಮಡ್ಡಿಯ ಒಂದು ಮನೆಯಲ್ಲಿ ನುಡಿಸಿದಾಗ ನಾನು ಎರವಲು ತಂದಿದ್ದು ಹದಿನೈದಿಂಚಿನ ಸ್ಪೀಕರಿನ ದೊಡ್ಡ ಕಾಂಬೊ, ಅಂದರೆ ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರುವಂಥದ್ದು. ಇಬ್ಬರು ಹಿಡಿದು ಪಾವಟಿಗೆ ಹತ್ತಿಸಿದ್ದರು. ಮುಂದಿನ ಸಾಲಿನಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು ಕೂತಿದ್ದರು. ಮಲ್ಲಿಕಾರ್ಜುನ ಮನ್ಸೂರರನ್ನು, ಬಸವರಾಜ ರಾಜಗುರುಗಳನ್ನು ಹತ್ತಿರ ಕೂತು ಕೇಳಿದವರು, ಕುಂದಗೋಳದ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವಕ್ಕೆ ರಾತ್ರಿಯಿಡೀ ಎದ್ದು ಕೂತವರು. ನಮ್ಮದು ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದರು.

"ತಂಗಿ, ಕೈ ಛಲೋ ಅದ. ಲಯ ಪಕ್ಕಾ ಅದ. ಆದ್ರ ಸ್ವರ ಎಲ್ಲಿ ಅದವಾ ಇದ್ರಾಗ? ಬರೇ ಗುಂಯ್ ಅಂತದಲ್ಲ."

ಅವರು ಜಾಝ್ ಕೇಳಿದ್ದು ಅದೇ ಮೊದಲಿರಬೇಕು. ಆದರೂ ಬೇಸ್ ಆಂಪಿನ ಬಗ್ಗೆ ಅಷ್ಟು ಸರಿಯಾದ ಮಾತನ್ನು ನಾನು ಮತ್ತ್ಯಾರ ಬಾಯಲ್ಲೂ ಕೇಳಿಲ್ಲ. ಆವತ್ತಿನಿಂದ ಪ್ರತಿ ಆಂಪಿಗೂ ನಾನು ಕೇಳುವ ಪ್ರಶ್ನೆ ಅದೊಂದೇ: ಸ್ವರ ಎಲ್ಲಿದೆ?

ಅವರ ಮಾತಿನ ಹಿಂದಿನ ಲೆಕ್ಕ ಹೀಗಿದೆ. ನಾಲ್ಕು ತಂತಿಯ ಬೇಸಿನಲ್ಲಿ ಎಲ್ಲಕ್ಕಿಂತ ಕೆಳಗಿನ ಇ ತಂತಿ ಸೆಕೆಂಡಿಗೆ 41.2 ಸಲ ಕಂಪಿಸುತ್ತದೆ. ಎ ತಂತಿ 55, ಡಿ 73.4, ಜಿ 98. ಆದರೆ ತಂತಿ ಮೀಟಿದಾಗ ಈ ಮೂಲ ಕಂಪನ ಒಂದೇ ಹುಟ್ಟುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಎಲ್ಲವೂ ಜತೆಗೆ ಹುಟ್ಟುತ್ತವೆ. ಇ ತಂತಿಯಲ್ಲಿ 82, 124, 165 ಹೀಗೆ. ನಮ್ಮ ಕಿವಿ ಸ್ವರವನ್ನು ಗುರುತಿಸುವುದು ಬಹುಪಾಲು ಈ ಮೇಲಿನವುಗಳ ಹೊಂದಾಣಿಕೆಯಿಂದ. ಮೂಲ ಕಂಪನವನ್ನು ಪೂರ್ತಿ ತೆಗೆದುಹಾಕಿದರೂ ಕಿವಿ ಅದನ್ನು ತಾನೇ ತುಂಬಿಕೊಂಡು ಅದೇ ಸ್ವರ ಕೇಳಿಸಿಕೊಳ್ಳುತ್ತದೆ. ತಂಬೂರಿ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ. ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿ ಮಿಡಿದಾಗ ಯಾರೂ ಮಿಡಿಯದ ಗಾಂಧಾರ ತಾನಾಗಿ ಮೇಲೆ ತೇಲುತ್ತದಲ್ಲ, ಅದು ಆ ತಂತಿಯ ಐದು ಪಟ್ಟಿನ ಕಂಪನ. ಮಿರಜಿನ ತಂಬೂರಿ ಮಾಡುವವರು ಕುದುರೆಯ ಮೇಲೆ ನೂಲು ಸರಿಸಿ ಜವಾರಿ ಕೂರಿಸುವುದು ಇಂಥ ಮೇಲಿನ ಸ್ವರಗಳು ಅರಳಲಿ ಎಂದೇ.

ಬೇಸ್ ಆಂಪಿನಲ್ಲಿ ನಾನು ಹುಡುಕಿದ್ದೂ ಇದನ್ನೇ. 80ರಿಂದ 400 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ನಡುವಿನ ಪಟ್ಟಿ ಸ್ವಚ್ಛವಾಗಿ, ತಡವರಿಸದೆ ಬರಬೇಕು. 40-50 ಹರ್ಟ್ಸಿನ ನಡುಕ ಎಷ್ಟು ಬಂದರೂ ಅದರಿಂದ ಸ್ವರ ಸ್ಪಷ್ಟವಾಗುವುದಿಲ್ಲ, ಎದುರಿಗೆ ಕೂತವರ ಎದೆ ಅದುರುತ್ತದೆ, ಅಷ್ಟೆ.

ಬೇಸ್ ಆಂಪ್ ಬೆಳೆದದ್ದರಲ್ಲಿ ಜಾಝ್ ನುಡಿಸುವವರ ಕಷ್ಟದ ಪಾಲೂ ಇದೆ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಅಮೆರಿಕದ ಎವರೆಟ್ ಹಲ್ ಸ್ವತಃ ಡಬಲ್ ಬೇಸ್ ನುಡಿಸುತ್ತಿದ್ದವರು. ಆಳೆತ್ತರದ ಆ ವಾದ್ಯವೂ ಡ್ರಮ್ಸ್, ಹಿತ್ತಾಳೆ ವಾದ್ಯಗಳ ನಡುವೆ ಕೇಳಿಸದೆ ಹೋಗುತ್ತಿತ್ತು. 1940ರ ದಶಕದಲ್ಲಿ ಅವರು ವಾದ್ಯ ನೆಲಕ್ಕೆ ಊರುವ ಗೂಟದೊಳಗೆ ಪಿಕಪ್, ಅಂದರೆ ಕಂಪನವನ್ನು ಆಂಪಿಗೆ ಒಯ್ಯುವ ಸಾಧನ, ಕೂರಿಸಿದರು. ಗೂಟಕ್ಕೆ ಇಂಗ್ಲಿಷಿನಲ್ಲಿ ಪೆಗ್ ಅನ್ನುತ್ತಾರೆ, ಅದರಿಂದಲೇ ಅವರ ಆಂಪೆಗ್ ಕಂಪನಿಗೆ ಹೆಸರು ಬಂತು. 1960ರಲ್ಲಿ ಅವರ ಬಿ-15 ಬಂತು. ಹದಿನೈದಿಂಚಿನ ಒಂದು ಸ್ಪೀಕರ್. ಆಂಪನ್ನು ಮಗುಚಿ ಪೆಟ್ಟಿಗೆಯೊಳಗೆ ಸೇರಿಸಿಕೊಂಡು ಒಯ್ಯಬಹುದಿತ್ತು. ಇಂದಿನ ಲೆಕ್ಕಕ್ಕೆ ಅದರ ಶಕ್ತಿ ತೀರಾ ಕಡಿಮೆ, ಮೂವತ್ತು ವ್ಯಾಟ್ ಕೂಡ ಇಲ್ಲ. ಆದರೂ ಎಷ್ಟೋ ಸ್ಟುಡಿಯೋಗಳ ಧ್ವನಿಮುದ್ರಣಕ್ಕೆ ಆ ಪೆಟ್ಟಿಗೆಯೇ ಬೇಕಾಗುತ್ತಿತ್ತು. ಅಂಗಡಿಯಲ್ಲಿ ಯಾರಾದರೂ ಐನೂರು ವ್ಯಾಟ್ ಎಂದು ಆಸೆ ಹುಟ್ಟಿಸಿದಾಗ ನಾನು ಬಿ-15 ಅನ್ನು ನೆನೆಸಿಕೊಳ್ಳುತ್ತೇನೆ.

ವ್ಯಾಟಿನ ಲೆಕ್ಕವನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ದುಡ್ಡು ಉಳಿಯುತ್ತದೆ. ಶಕ್ತಿ ಎರಡು ಪಟ್ಟಾದರೆ ಧ್ವನಿ ಏರುವುದು 3 ಡೆಸಿಬಲ್, ಅದು ಕಿವಿಗೆ ಗೊತ್ತಾಗುತ್ತದೆ ಅನ್ನುವಷ್ಟು ಮಾತ್ರ. ಎರಡರಷ್ಟು ಜೋರು ಎಂದು ಅನಿಸಬೇಕಾದರೆ ಶಕ್ತಿ ಹತ್ತಿರ ಹತ್ತಿರ ಹತ್ತು ಪಟ್ಟಾಗಬೇಕು. ಅಂದಮೇಲೆ 40 ವ್ಯಾಟಿಗೂ 100 ವ್ಯಾಟಿಗೂ ನಡುವಿನ ಅಂತರ ಬರೀ 4 ಡೆಸಿಬಲ್. ಈ ನಾಲ್ಕು ಡೆಸಿಬಲ್ ಬೇಡವೇ? ಬೇಕು. ಜೋರಿಗಾಗಿ ಅಲ್ಲ, ಗಟ್ಟಿಯಾಗಿ ಮೀಟಿದ ಕ್ಷಣದಲ್ಲಿ ಧ್ವನಿ ಒಡೆಯದಿರಲಿ ಎಂದು. ಬೇಸಿನ ಮೊದಲ ಪೆಟ್ಟು ನಿಂತ ಧ್ವನಿಗಿಂತ ಬಹಳ ಎತ್ತರಕ್ಕೆ ಜಿಗಿಯುತ್ತದೆ. ಆಂಪಿನಲ್ಲಿ ಅದಕ್ಕೆ ಜಾಗ ಇರಬೇಕು. ಡ್ರಮ್ಸ್ ಹುಡುಗ ಮೆತ್ತಗೆ ಸವರುವ ಬ್ರಶ್ ಹಿಡಿದರೆ 40 ಸಾಕು, ಕೋಲು ಹಿಡಿದರೆ 100 ಇರಲಿ ಅನ್ನುವುದು ನನ್ನ ಅನುಭವದ ಅಳತೆ.

ಈಗ ನೋಡಿದ ಆಂಪ್‌ಗಳ ವಿಷಯ. ಹುಬ್ಬಳ್ಳಿಯ ವಾದ್ಯದ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲಾ, ಕೀಬೋರ್ಡ್, ಗಿಟಾರ್ ಬೇಕಾದಷ್ಟಿವೆ. ಬೇಸಿಗೆಂದೇ ಮಾಡಿದ ಆಂಪ್ ಕೇಳಿದರೆ ಒಂದೋ ಎರಡೋ ಸಿಗುತ್ತವೆ. ನಾನು ಹೋದ ಅಂಗಡಿಯ ಮಾಲೀಕರು ಬಹಳ ಸಮಾಧಾನದ ಮನುಷ್ಯ. ಸ್ವಂತ ಬೇಸ್ ತಂದು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನುಡಿಸಲು ಬಿಟ್ಟರು, ನಡುವೆ ಚಹಾ ತರಿಸಿದರು. ಐದಿಂಚಿನ ಸ್ಪೀಕರ್ ಅಂದಾಗ ಮಾತ್ರ ಅವರಿಗೆ ತಡೆಯಲಾಗಲಿಲ್ಲ.

"ಐದ್ ಇಂಚಿನ್ಯಾಗ ಬೇಸ್ ಎಲ್ಲಿ ಬರ್ತೈತ್ರೀ ಮೇಡಂ? ಕಾರಿನ ಡೋರಿನ್ಯಾಗ ಅದಕ್ಕಿಂತ ದೊಡ್ಡದಿರ್ತೈತಿ. ನೀವು ಹದಿನೈದಿಂದ ತಗೋರಿ, ನೆಲಾ ನಡಗಬೇಕ್ರಿ."

ಅವರ ಮಾತಿನಲ್ಲೂ ವಿಜ್ಞಾನ ಇದೆ. ಸ್ಪೀಕರಿನ ಹಾಳೆ ದೊಡ್ಡದಿದ್ದಷ್ಟೂ ಒಮ್ಮೆಗೆ ತಳ್ಳುವ ಗಾಳಿ ಹೆಚ್ಚು. ಹನ್ನೆರಡಿಂಚಿನದರ ವಿಸ್ತೀರ್ಣ ಐದಿಂಚಿನ ಎರಡರ ಒಟ್ಟು ವಿಸ್ತೀರ್ಣದ ಸುಮಾರು ಮೂರು ಪಟ್ಟಾಗುತ್ತದೆ. ಪೆಟ್ಟಿಗೆ ಚಿಕ್ಕದಿರಬೇಕು, ಕೆಳಗಿನ ಸ್ವರ ಆಳಕ್ಕೆ ಇಳಿಯಬೇಕು, ಕಡಿಮೆ ಶಕ್ತಿಯಲ್ಲಿ ಜೋರಾಗಬೇಕು, ಈ ಮೂರರಲ್ಲಿ ಎರಡು ಸಿಕ್ಕರೆ ಮೂರನೆಯದನ್ನು ಬಿಡಬೇಕು. ಸ್ಪೀಕರ್ ತಯಾರಿಸುವ ಯಾರಿಗೂ ಈ ನಿಯಮ ತಪ್ಪಿದ್ದಲ್ಲ. ಸಣ್ಣ ಪೆಟ್ಟಿಗೆಯವರು ಶಕ್ತಿ ಹೆಚ್ಚು ಕೊಟ್ಟು, ಹಾಳೆ ಹೆಚ್ಚು ದೂರ ಹಿಂದೆ ಮುಂದೆ ಓಡಾಡುವಂತೆ ಮಾಡಿ ಸರಿದೂಗಿಸುತ್ತಾರೆ.

ಮೊದಲು ನುಡಿಸಿ ನೋಡಿದ್ದು ಫೆಂಡರ್ ರಂಬಲ್ 40. ಹತ್ತಿಂಚಿನ ಸ್ಪೀಕರ್, ಎಂಟು ಕಿಲೋದ ಆಸುಪಾಸು ತೂಕ. ಬೇಸ್, ಲೋ-ಮಿಡ್, ಹೈ-ಮಿಡ್, ಟ್ರೆಬಲ್ ಎಂದು ನಾಲ್ಕು ನಾಬ್. ಮೊಬೈಲ್ ಜೋಡಿಸಲು ಆಕ್ಸ್ ತೂತು, ಹೆಡ್‌ಫೋನ್ ತೂತು, ಮೈಕ್‌ಸೆಟ್ಟಿಗೆ ಕೊಡಲು ಎಕ್ಸ್‌ಎಲ್‌ಆರ್ ಔಟ್ ಎಲ್ಲವೂ ಇವೆ. ಮನೆಯ ಅಭ್ಯಾಸಕ್ಕೆ, ಕೆಫೆಗೆ ಚೆಂದ ಕೂರುತ್ತದೆ. ಅದರ ಅಣ್ಣ ರಂಬಲ್ 100. ಹನ್ನೆರಡಿಂಚಿನ ಸ್ಪೀಕರ್, ತೂಕ ಸುಮಾರು ಹತ್ತು ಕಿಲೋ, ಅಂದರೆ ಎರಡೇ ಕಿಲೋ ಹೆಚ್ಚು. ನೂರು ವ್ಯಾಟಿನ ಆಂಪ್ ಇಷ್ಟು ಹಗುರ ಆದದ್ದು ಕ್ಲಾಸ್-ಡಿ ತಂತ್ರದಿಂದ. ಹಳೆಯ ಆಂಪ್‌ಗಳಲ್ಲಿ ಶಕ್ತಿಯ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತಿತ್ತು, ಆ ಬಿಸಿ ಹೊರಹಾಕಲು ಅಲ್ಯೂಮಿನಿಯಂ ಗಟ್ಟಿ ಬೇಕಿತ್ತು, ದಪ್ಪ ಟ್ರಾನ್ಸ್‌ಫಾರ್ಮರ್ ಬೇಕಿತ್ತು. ಕ್ಲಾಸ್-ಡಿಯಲ್ಲಿ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಾಂತರ ಸಲ ಸ್ವಿಚ್ಚಿನಂತೆ ಹತ್ತಿ ಆರುತ್ತವೆ, ಬಿಸಿ ಬಹಳ ಕಡಿಮೆ. ಬೆನ್ನು ನೋವಿರುವ ಬೇಸ್ ನುಡಿಸುವವರೆಲ್ಲ ಈ ತಂತ್ರಕ್ಕೆ ಕೈ ಮುಗಿಯಬೇಕು.

ರಂಬಲ್ 100 ಒಳ್ಳೆಯ ಆಂಪ್, ಇದನ್ನು ಅರ್ಧ ಮನಸ್ಸಿನಿಂದ ಹೇಳುತ್ತಿಲ್ಲ. ಒಂದೇ ಆಂಪ್, ಎಲ್ಲ ಕಡೆಗೂ ಬೇಕು, ಚರ್ಚಿನಲ್ಲೂ ನುಡಿಸಬೇಕು, ಗೆಳೆಯರ ರಾಕ್ ಬ್ಯಾಂಡಿನಲ್ಲೂ ನಿಲ್ಲಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅದರ ಮೇಲಿರುವ ಕಾಂಟೂರ್ ಗುಂಡಿಯನ್ನು ಮಾತ್ರ ಜಾಝಿಗೆ ಒತ್ತಬೇಡಿ. ಅದು ನಡುವಿನ ಸ್ವರಪಟ್ಟಿಯನ್ನು ತಗ್ಗಿಸಿ ಮೇಲಿನದನ್ನೂ ಕೆಳಗಿನದನ್ನೂ ಎತ್ತುತ್ತದೆ. ಒಬ್ಬರೇ ಕೂತು ನುಡಿಸುವಾಗ ಕಿವಿಗೆ ಹಬ್ಬ. ಸ್ಯಾಕ್ಸ್, ಕೀಬೋರ್ಡ್ ಸೇರಿದ ಕೂಡಲೇ ಬೇಸ್ ಮಾಯವಾಗುತ್ತದೆ, ಯಾಕೆಂದರೆ ತಗ್ಗಿಸಿದ ಆ ಪಟ್ಟಿಯಲ್ಲೇ ಸ್ವರದ ಗುರುತು ಇತ್ತು.

ಹಾಗಿದ್ದೂ ನಾನು ಬೇರೆಯದಕ್ಕೆ ಹೋದದ್ದಕ್ಕೆ ಕಾರಣ ಗೋವಾದ ಗೆಳತಿ. ಅವಳೂ ಬೇಸ್ ನುಡಿಸುತ್ತಾಳೆ. ಹುಬ್ಬಳ್ಳಿಗೆ ಬಂದವಳು ತನ್ನ ಬೇಸ್ ಕಬ್ ಅನ್ನು ಕೆಲ ದಿನ ನನ್ನಲ್ಲೇ ಬಿಟ್ಟು ಹೋದಳು. ಫಿಲ್ ಜೋನ್ಸ್ ಮೂಲತಃ ಸ್ಪೀಕರ್ ವಿನ್ಯಾಸಕಾರ. ಬೇಸ್ ಲೋಕದಲ್ಲಿ ಎಲ್ಲರೂ ಹತ್ತು, ಹನ್ನೆರಡು, ಹದಿನೈದು ಇಂಚು ಅನ್ನುತ್ತಿದ್ದಾಗ ಅವರು ಐದಿಂಚಿನವನ್ನೇ ಹಿಡಿದುಕೊಂಡರು. ದೊಡ್ಡ ಪೆಟ್ಟಿಗೆ ಬೇಕಾದರೂ ಹೆಚ್ಚಾಗಿ ಐದಿಂಚಿನವನ್ನೇ ಸಾಲಾಗಿ ಜೋಡಿಸುತ್ತಾರೆ. ಹಗುರವಾದ ಸಣ್ಣ ಹಾಳೆ ಬೇಗ ಹೊರಡುತ್ತದೆ, ಬೇಗ ನಿಲ್ಲುತ್ತದೆ. ವಾಕಿಂಗ್ ಬೇಸಿಗೆ ಬೇಕಾದದ್ದು ಅದೇ. ನಿಮಿಷಕ್ಕೆ ಇನ್ನೂರು ಮಾತ್ರೆಯ ಲಯದಲ್ಲಿ ಮಾತ್ರೆಗೊಂದು ಸ್ವರ ಹಾಕುತ್ತ ನಡೆದರೆ ಒಂದು ಸ್ವರದ ಆಯಸ್ಸು ಸೆಕೆಂಡಿನ ಹತ್ತರಲ್ಲಿ ಮೂರು ಪಾಲು. ಹಿಂದಿನ ಸ್ವರ ಇನ್ನೂ ಗುಂಯ್‌ಗುಡುತ್ತಿದ್ದರೆ ಮುಂದಿನದು ಅದರೊಳಗೆ ಮುಳುಗಿ ಹೋಗುತ್ತದೆ.

ನನ್ನ ಪರೀಕ್ಷೆ ಬಹಳ ಸರಳ. ಮೊಬೈಲಿನ ತಂಬೂರಿ ಆ್ಯಪನ್ನು ಬಿಳಿ ಆರಕ್ಕೆ, ಅಂದರೆ ಎ ಸ್ವರಕ್ಕೆ ಇಟ್ಟು ಆಕ್ಸ್‌ನಲ್ಲಿ ಜೋಡಿಸುವುದು. ಬೇಸ್ ಕೂಡ ಅದೇ ಆಂಪಿನಲ್ಲಿ. ಖಾಲಿ ಎ ತಂತಿ ಮೀಟಿ ಷಡ್ಜ ಹಿಡಿಯುವುದು, ಅಲ್ಲಿಂದ ಇ ಮೇಲೆ ಪಂಚಮ, ಆಮೇಲೆ ಮೀಂಡಿನಲ್ಲಿ, ಅಂದರೆ ಬೆರಳು ಜಾರಿಸುತ್ತ, ನಿಧಾನ ಗಾಂಧಾರಕ್ಕೆ. ಒಳ್ಳೆಯ ಆಂಪಿನಲ್ಲಿ ಬೆರಳು ಕೂದಲೆಳೆಯಷ್ಟು ಜರುಗಿದರೂ ಕೇಳುತ್ತದೆ. ತಂಬೂರಿಯ ಜತೆ ಸ್ವರ ಕೂಡಿದ ಕ್ಷಣ ಎರಡೂ ಒಂದಾಗುತ್ತವೆ. ಹದಿನೈದಿಂಚಿನ ಆ ಎರವಲು ಕಾಂಬೊದಲ್ಲಿ ಕೆಳಗಿನ ಗಾಂಧಾರ ಕೋಮಲವೋ ಶುದ್ಧವೋ ಎಂದು ಹೇಳುವುದೇ ಕಷ್ಟವಾಗಿತ್ತು. ರಂಬಲ್ 100ರಲ್ಲಿ ಬೇಸ್ ನಾಬ್ ಸ್ವಲ್ಪ ಇಳಿಸಿ ಲೋ-ಮಿಡ್ ಸ್ವಲ್ಪ ಏರಿಸಿದಾಗ ಸ್ಪಷ್ಟವಾಯಿತು. ಬೇಸ್ ಕಬ್‌ನಲ್ಲಿ ಯಾವ ನಾಬನ್ನೂ ಮುಟ್ಟದೆ, ಎಲ್ಲವೂ ನಡುವಿನಲ್ಲೇ ಇದ್ದಾಗಲೇ ಕೇಳಿತು. ಫ್ರೆಟ್‌ಲೆಸ್ ನುಡಿಸುವವರಿಗೆ ಇದಕ್ಕಿಂತ ದೊಡ್ಡ ಗುಣ ಇಲ್ಲ. ನಾನು ನುಡಿಸಿದ ಸ್ವರ ನನಗೇ ಕೇಳದಿದ್ದರೆ ಬೆರಳು ಸರಿಯಾದ ಜಾಗಕ್ಕೆ ಹೋಗುವುದಾದರೂ ಹೇಗೆ?

ಅಂಗಡಿಯಲ್ಲಿ ನೋಡುವಾಗ ಇನ್ನೂ ಕೆಲವನ್ನು ಮರೆಯಬೇಡಿ. ಆಂಪಿನ ಮುಂದೆಯೇ ಕೂತು ತೀರ್ಮಾನ ಮಾಡಬೇಡಿ. ಉದ್ದ ಕೇಬಲ್ ಹಾಕಿ ಹತ್ತು ಹನ್ನೆರಡು ಅಡಿ ಹಿಂದೆ ಸರಿಯಿರಿ, ಇಲ್ಲವೇ ಬೇರೆಯವರ ಕೈಗೆ ಬೇಸ್ ಕೊಟ್ಟು ನೀವು ದೂರ ನಿಂತು ಕೇಳಿ. ಇ ತಂತಿಯಿಂದ ಶುರು ಮಾಡಿ ಅರ್ಧರ್ಧ ಸ್ವರ ಮೇಲೆ ಹತ್ತುತ್ತ ಹೋಗಿ, ಯಾವುದಾದರೂ ಒಂದು ಸ್ವರ ಮಾತ್ರ ಉಬ್ಬುತ್ತದೆಯೇ ನೋಡಿ. ಏನೂ ನುಡಿಸದೆ ವಾಲ್ಯೂಮ್ ಏರಿಸಿ ಸುಮ್ಮನೆ ಕೂತುಕೊಳ್ಳಿ. ಕೆಲವು ಆಂಪ್‌ಗಳ ಒಳಗಿನ ಫ್ಯಾನ್ ಎಷ್ಟು ಸದ್ದು ಮಾಡುತ್ತದೆಂದರೆ ಸಣ್ಣ ಕೋಣೆಯಲ್ಲಿ ವಿಲಂಬಿತ ಲಯದ ಬ್ಯಾಲಡ್ ನುಡಿಸುವಾಗ ಮುಂದಿನ ಸಾಲಿಗೆ ಕೇಳುತ್ತದೆ.

ಅಂಗಡಿಯಲ್ಲಿ ಸರಿಯಾಗಿ ಕೇಳಿದ ಆಂಪ್ ಕೆಫೆಯಲ್ಲಿ ಬೇರೆಯೇ ಆಗುವುದಕ್ಕೆ ಕಾರಣ ಕೋಣೆ. ಇದನ್ನು ಸ್ವಲ್ಪ ನಿಧಾನ ಹೇಳುತ್ತೇನೆ, ಬೇಸಿನ ಅರ್ಧ ಸಮಸ್ಯೆ ಇಲ್ಲೇ ಇದೆ. ನಮ್ಮ ಆರ್‌ಸಿಸಿ ಕಟ್ಟಡಗಳ ಚಾವಣಿ ಸಾಮಾನ್ಯವಾಗಿ ಹತ್ತಡಿ ಎತ್ತರ, ಅಂದರೆ 3.05 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ನೆಲಕ್ಕೂ ಚಾವಣಿಗೂ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸುವ ಕಂಪನ ಎಷ್ಟೆಂದು ಲೆಕ್ಕ ಹಾಕಿದರೆ 56 ಹರ್ಟ್ಸ್ ಬರುತ್ತದೆ. ಖಾಲಿ ಎ ತಂತಿ 55. ಹಾಗಾಗಿ ಹತ್ತಡಿ ಚಾವಣಿಯ ಯಾವುದೇ ಕೋಣೆಯಲ್ಲಿ ಎ ಮೀಟಿದ ಕೂಡಲೇ ಕೋಣೆಯೇ ಸೇರಿಕೊಂಡು ಕೂಗುತ್ತದೆ. ಗೋಡೆಯಿಂದ ಗೋಡೆಗೆ ನಾಲ್ಕು ಮೀಟರ್ ಇದ್ದರೆ ಅದೇ ಲೆಕ್ಕದಲ್ಲಿ 43 ಹರ್ಟ್ಸ್, ಅದು ಇ ತಂತಿಯ ಪಕ್ಕದ ಮನೆ. ಗಾಜಿನ ಗೋಡೆ, ಗ್ರಾನೈಟ್ ನೆಲ ಇರುವ ಕೆಫೆಯಲ್ಲಿ ಇನ್ನೊಂದು ತೊಂದರೆ. ಅಲ್ಲಿ ಪ್ರತಿಧ್ವನಿ ಬೇಗ ಆರುವುದಿಲ್ಲ. ಮಾಳಮಡ್ಡಿಯ ಹಂಚಿನ ಮನೆಗಳಲ್ಲಿ ಮಾಡು ಇಳಿಜಾರು, ತೊಲೆ ಜಂತಿ ಇವೆ, ಹಂಚಿನ ಸಂದುಗಳಿವೆ. ಅಲ್ಲಿ ಬೇಸ್ ಎಷ್ಟೋ ಹದವಾಗಿ ನಿಲ್ಲುತ್ತದೆ. ಬೈಠಕ್ಕುಗಳು ಅಲ್ಲಿ ಹಾಗೆ ಬೆಳೆದದ್ದರಲ್ಲಿ ಆ ಮಾಡುಗಳ ಪಾಲೂ ಇದೆಯೆಂದು ನಾನು ನಂಬಿದ್ದೇನೆ.

ಇದಕ್ಕೆ ಪರಿಹಾರ ಆಂಪನ್ನು ನೆಲದಿಂದ, ಮೂಲೆಯಿಂದ ದೂರ ಮಾಡುವುದು. ನೆಲ, ಎರಡು ಗೋಡೆ ಸೇರುವ ಮೂಲೆಯಲ್ಲಿ ಇಟ್ಟರೆ ಕೋಣೆಯ ಗುಂಯ್ ಎಲ್ಲಕ್ಕಿಂತ ಹೆಚ್ಚು ಎದ್ದು ಬರುತ್ತದೆ. ಅಲ್ಲಿಂದ ತೆಗೆದು ಮೇಜಿನೆತ್ತರಕ್ಕೆ ಏರಿಸಿದರೆ ಆ 56 ಹರ್ಟ್ಸಿನ ಕೂಗು ತಗ್ಗುತ್ತದೆ, ಸ್ಪೀಕರ್ ಕೂತವರ ಮೊಣಕಾಲಿಗೆ ನುಡಿಸುವುದು ಬಿಟ್ಟು ಕಿವಿಗೆ ನುಡಿಸುತ್ತದೆ. ಹತ್ತು ಕಿಲೋದ ಅಗಲ ಪೆಟ್ಟಿಗೆಯನ್ನು ಕೆಫೆಯ ಪುಟ್ಟ ಮೇಜಿನ ಮೇಲೆ ಇಡಲು ಯಾರೂ ಒಪ್ಪುವುದಿಲ್ಲ. ಬೇಸ್ ಕಬ್ ಅನ್ನು ಯಾರೂ ಬೇಡ ಅಂದಿಲ್ಲ. ಗಾತ್ರ ಚಿಕ್ಕದಿರುವುದು ಹೊರುವುದಕ್ಕೆ ಮಾತ್ರ ಅನುಕೂಲ ಎಂದು ತಿಳಿದಿದ್ದವರಿಗೆ ಇದನ್ನು ಒತ್ತಿ ಹೇಳಬೇಕು: ಸಣ್ಣ ಪೆಟ್ಟಿಗೆಯನ್ನು ಸರಿಯಾದ ಜಾಗದಲ್ಲಿ ಇಡಬಹುದು, ದೊಡ್ಡದನ್ನು ಜಾಗ ಇದ್ದಲ್ಲಿ ಇಡಬೇಕು.

ಕರೆಂಟಿನ ಗುಂಯ್ ಇನ್ನೊಂದು ಬಗೆಯದು. ನಮ್ಮ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ಹಳೆಯ ಹಾಲ್‌ಗಳಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ 50 ಮತ್ತು 100 ಹರ್ಟ್ಸಿನ ಗುಯ್‌ಗುಟ್ಟುವಿಕೆ ಆಂಪಿನಲ್ಲಿ ಕೇಳುತ್ತದೆ. ಖಾಲಿ ಜಿ ತಂತಿ 98 ಹರ್ಟ್ಸ್. ನೂರಕ್ಕೂ ತೊಂಬತ್ತೆಂಟಕ್ಕೂ ಎರಡು ಅಂತರ, ಆದ್ದರಿಂದ ಜಿ ಹಿಡಿದು ನಿಲ್ಲಿಸಿದರೆ ಸೆಕೆಂಡಿಗೆ ಎರಡು ಸಲ ಧ್ವನಿ ಉಬ್ಬಿ ಇಳಿಯುತ್ತದೆ. ಸ್ವರ ಕೂಡಿಸಿ ಅಭ್ಯಾಸ ಇರುವ ಯಾರಿಗೂ ಅದು ಸಹಿಸಲಾಗುವುದಿಲ್ಲ. ಎಲ್ಲರ ಆಂಪ್‌ಗಳನ್ನೂ ಒಂದೇ ಪ್ಲಗ್ಗಿನಿಂದ ಬಂದ ಎಕ್ಸ್‌ಟೆನ್ಶನ್ ಬಾಕ್ಸಿಗೆ ಜೋಡಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಮೈಕ್‌ಸೆಟ್ಟಿಗೆ ಲೈನ್ ಕೊಟ್ಟ ಮೇಲೆ ಗುಂಯ್ ಶುರುವಾದರೆ ಗ್ರೌಂಡ್ ಲಿಫ್ಟ್ ಗುಂಡಿ ಇದ್ದಲ್ಲಿ ಅದನ್ನು ಒತ್ತಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನನ್ನು ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ. ಹಾಗೆ ಕಿತ್ತ ಪ್ಲಗ್ಗುಗಳನ್ನು ಬಹಳ ವೇದಿಕೆಗಳಲ್ಲಿ ನೋಡಿದ್ದೇನೆ. ಬೆವರಿದ ಕೈ ಲೋಹದ ತಂತಿಯ ಮೇಲೆ ಇರುತ್ತದೆ, ಜೀವಕ್ಕೆ ಅಪಾಯ.

ಧಾರವಾಡದಲ್ಲಿ ಅಮೆರಿಕದಲ್ಲಿ ಮಕ್ಕಳಿರುವ ಮನೆಗಳು ಬಹಳ. ದೀಪಾವಳಿಗೆ ಬರುವಾಗ ಒಂದು ಆಂಪ್ ತಂದುಬಿಡು ಎಂದು ಹೇಳುವ ಮೊದಲು ಅದರ ಹಿಂದಿನ ಫಲಕದಲ್ಲಿ ಏನು ಬರೆದಿದೆ ಎಂದು ಫೋಟೋ ತರಿಸಿ ನೋಡಿ. ಅಲ್ಲಿಯ ಕರೆಂಟ್ 120 ವೋಲ್ಟ್. 100ರಿಂದ 240 ಎಂದು ಬರೆದಿದ್ದರೆ ತೊಂದರೆ ಇಲ್ಲ. ಬರೀ 120 ಎಂದಿದ್ದರೆ ಇಲ್ಲಿ ನೇರ ಜೋಡಿಸಿದ ಕೂಡಲೇ ಸುಡುತ್ತದೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ನೂರು ವ್ಯಾಟಿನ ಆಂಪಿಗೆ ಬೇಕಾಗುವ ಟ್ರಾನ್ಸ್‌ಫಾರ್ಮರ್ ಹೊರುವುದಾದರೆ ಹಗುರ ಆಂಪ್ ಯಾಕೆ ಬೇಕಿತ್ತು?

ಹೊರುವ ವಿಷಯ. ನನ್ನ ಬೇಸ್ ಬೆನ್ನಿಗೆ, ಆಂಪ್ ಸ್ಕೂಟಿಯಲ್ಲಿ ಕಾಲ ನಡುವೆ, ಕೇಬಲ್ಲು ಸೀಟಿನ ಕೆಳಗೆ. ಧಾರವಾಡದೊಳಗೆ ಇಷ್ಟರಲ್ಲೇ ಎಲ್ಲ ಮುಗಿಯುತ್ತದೆ. ಹುಬ್ಬಳ್ಳಿಗೆ ಹೋಗಬೇಕಾದರೆ ಎರಡೂ ಊರಿನ ನಡುವೆ ತನ್ನದೇ ಹಾದಿಯಲ್ಲಿ ಓಡುವ ಚಿಗರಿ ಬಸ್ಸು. ಆಂಪ್ ಹಿಡಿದವರಿಗೆ ಚಿಗರಿಯಷ್ಟು ಅನುಕೂಲದ ಬಸ್ಸು ಇನ್ನೊಂದಿಲ್ಲ: ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ, ಮೆಟ್ಟಿಲು ಹತ್ತಬೇಕಿಲ್ಲ. ಗಾಲಿಯ ಪುಟ್ಟ ಟ್ರಾಲಿಗೆ ಆಂಪ್ ಕಟ್ಟಿ ನೇರ ಒಳಗೆ ಎಳೆದುಕೊಂಡು ಹೋಗಬಹುದು. ಟ್ರಾಲಿಯ ಮೇಲೆ ಹಳೆಯ ಕೌದಿಯನ್ನು ಮಡಚಿ ಹಾಸಿ ಕಟ್ಟಿ, ಗಾಲಿಯ ಕುಲುಕಾಟ ಒಳಗಿನ ಬೆಸುಗೆಗೆ ತಾಗುವುದಿಲ್ಲ. ಮುಂಗಾರಿನಲ್ಲಿ ದಪ್ಪ ಪ್ಲಾಸ್ಟಿಕ್ ಹೊದಿಕೆ ಕಡ್ಡಾಯ. ಧಾರವಾಡದ ಜಿಟಿಜಿಟಿ ಮಳೆ ಬಟ್ಟೆಯ ಕವರಿನೊಳಗೆ ಇಳಿದು ಸ್ಪೀಕರಿನ ಕಾಗದದ ಹಾಳೆಯನ್ನು ಮೆತ್ತಗೆ ಮಾಡುತ್ತದೆ.

ಲಾನಿನ ಕಾರ್ಯಕ್ರಮದಲ್ಲಿ ಬೇಸ್ ಕಬ್ ಒಂದೇ ಸಾಲುವುದಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಬಯಲಿನಲ್ಲಿ ಗೋಡೆಯೂ ಇಲ್ಲ, ಚಾವಣಿಯೂ ಇಲ್ಲ, ಕೆಳಗಿನ ಸ್ವರಗಳು ಹಾರಿಹೋಗುತ್ತವೆ. ಅಲ್ಲಿ ಆಂಪಿನ ಡಿಐ ಔಟಿನಿಂದ, ಅಂದರೆ ಹೊರಗೆ ಲೈನ್ ಕೊಡಲೆಂದೇ ಇರುವ ತೂತಿನಿಂದ, ಮೈಕ್‌ಸೆಟ್‌ನವರ ಮಿಕ್ಸರಿಗೆ ಲೈನ್ ಕೊಡುತ್ತೇನೆ. ಜನಕ್ಕೆ ಅವರ ದೊಡ್ಡ ಡಬ್ಬಗಳಿಂದ ಕೇಳುತ್ತದೆ, ನನ್ನ ಮತ್ತು ಡ್ರಮ್ಸ್ ಹುಡುಗನ ನಡುವೆ ಸ್ಟೂಲಿನ ಮೇಲೆ ಇಟ್ಟ ಆಂಪ್ ನಮ್ಮಿಬ್ಬರಿಗೆ ಮಾತ್ರ. ಮೈಕ್‌ಸೆಟ್‌ನವರಿಗೆ ಮೊದಲೇ ಹೋಗಿ ಒಂದು ಮಾತು ಹೇಳಬೇಕು: "ಅಣ್ಣಾರ, ಇದು ಡಿಜೆ ಅಲ್ರಿ, ಬೇಸ್ ನಾಬ್ ಏರಿಸಬ್ಯಾಡ್ರಿ." ಹೆಚ್ಚಿನವರು ಪ್ರೀತಿಯಿಂದ ಕೇಳುತ್ತಾರೆ.

ಅಭ್ಯಾಸಕ್ಕೆ ಮಾತ್ರ ಆಂಪ್ ಬೇಕು, ಕರೆಂಟ್ ಹೋದರೂ ನಿಲ್ಲಬಾರದು ಅನ್ನುವವರು ರೋಲ್ಯಾಂಡಿನ ಮೈಕ್ರೋ ಕ್ಯೂಬ್ ಬೇಸ್ ಆರ್‌ಎಕ್ಸ್ ಸೆಕೆಂಡ್ ಹ್ಯಾಂಡ್ ಸಿಗುತ್ತದೆಯೇ ನೋಡಲಿ. ನಾಲ್ಕಿಂಚಿನ ನಾಲ್ಕು ಸ್ಪೀಕರ್, ಒಟ್ಟು ಐದೇ ವ್ಯಾಟ್, ಪೆನ್ ಸೆಲ್ ಆರು ಹಾಕಿದರೆ ಮಾಳಿಗೆಯ ಮೇಲೆ ಕೂತೂ ನುಡಿಸಬಹುದು. ಡ್ರಮ್ಸ್ ಜತೆ ಅದು ಕೇಳುವುದಿಲ್ಲ, ಬೇರೆ ಆಸೆ ಇಟ್ಟುಕೊಳ್ಳಬಾರದು.

ಬೆಲೆ ಕೇಳುವವರಿಗೆ: ಬೇಸ್ ಕಬ್ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ರಂಬಲ್ 100ಕ್ಕಿಂತ ಬಹಳ ದುಬಾರಿ. ನಾನು ಒಂದಿಷ್ಟು ಕಾಲ ಪಗಾರದಿಂದ ತೆಗೆದಿಟ್ಟು ಹೊರಗಿನಿಂದ ತರಿಸಿಕೊಂಡೆ. ಕಾಲೇಜು ಓದುತ್ತಿರುವವರಿಗೆ ಅದನ್ನು ಕೊಳ್ಳಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ರಂಬಲ್ 40 ಸಿಕ್ಕರೆ ತೆಗೆದುಕೊಳ್ಳಿ, ಕಾಂಟೂರ್ ಗುಂಡಿ ಒತ್ತದೆ ಬಿಡಿ, ಬೇಸ್ ನಾಬ್ ನಡುವಿಗಿಂತ ಕೆಳಗಿಡಿ, ಕುರ್ಚಿಯ ಮೇಲೆ ಇಡಿ, ಉಳಿದ ದುಡ್ಡಿನಲ್ಲಿ ಫ್ಲ್ಯಾಟ್‌ವೂಂಡ್, ಅಂದರೆ ಮೇಲ್ಮೈ ನುಣುಪಾಗಿರುವ, ತಂತಿ ಹಾಕಿಸಿ. ಕೆಫೆಯಲ್ಲಿ ಬ್ರಶ್ ಹಿಡಿದ ಡ್ರಮ್ಸ್ ಜತೆ ಧಾರಾಳವಾಗಿ ನಡೆಯುತ್ತದೆ.

ಮಾಳಮಡ್ಡಿಯ ಅದೇ ಮನೆಯಲ್ಲಿ ಬೇಸ್ ಕಬ್ ಇಟ್ಟು ನುಡಿಸಿದಾಗ ಆ ಹಿರಿಯರು ಬಂದಿರಲಿಲ್ಲ, ಕಾಲು ನೋವಂತೆ. ಕೀಬೋರ್ಡ್ ನುಡಿಸುವ ಗೆಳತಿ ಮಾತ್ರ ನಡುವೆ ತಿರುಗಿ, "ನಿನ್ನ ಸ್ವರ ಕೇಳ್ತದ ಇವತ್ತ, ಎಡಗೈ ಆರಾಮ ಬಿಟ್ಟೀನಿ ನಾ" ಅಂದಳು. ಕೆಳಗಿನ ಸ್ವರಗಳನ್ನು ತಾನೇ ಒತ್ತಿ ಹಿಡಿಯುವ ಅಭ್ಯಾಸ ಅವಳದು. ಆವತ್ತು ಆ ಜಾಗವನ್ನು ಪೂರ್ತಿ ಬೇಸಿಗೆ ಬಿಟ್ಟುಕೊಟ್ಟಿದ್ದಳು.

ಕೊಳ್ಳುವ ಮೊದಲು ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಬೇಕು ಅನ್ನುವವರು ಕೇಶ್ವಾಪುರದಲ್ಲಿ ನಮ್ಮ ರಿಹರ್ಸಲ್ ಇದ್ದಾಗ ಬರಬಹುದು. ಸ್ಯಾಕ್ಸ್ ಅಂಕಲ್ ಮಗನ ರಂಬಲ್ 100 ಅಲ್ಲೇ ಇದೆ, ನನ್ನ ಬೇಸ್ ಕಬ್ ನಾನು ತರುತ್ತೇನೆ. ನಿಮ್ಮ ಸ್ವಂತ ಬೇಸನ್ನೇ ತನ್ನಿ, ಬೇರೆಯವರ ವಾದ್ಯದಲ್ಲಿ ಆಂಪಿನ ಗುಣ ತಿಳಿಯುವುದಿಲ್ಲ. ಉದ್ದ ಕೇಬಲ್ ನಮ್ಮಲ್ಲಿದೆ.